ಯಾರೂ ಬರೆಯದ ವೃತ್ತ

ಇಪ್ಪತ್ತೇಳು ವರ್ಷದಿಂದ ಕಪ್ಪುಹಲಗೆಯ ಮೇಲೆ ವೃತ್ತ ಬರೆಯುತ್ತಿದ್ದೇನೆ. ಮೊಣಕೈ ಊರದೆ, ಭುಜದಿಂದ ತಿರುಗಿಸಿ, ಒಂದೇ ಉಸಿರಿನಲ್ಲಿ. ಚಿತ್ರಕಲೆ ಕಲಿಸುವವರು ಹೊಸ ಶಾಲೆಗೆ ಹೋದ ಮೊದಲ ದಿನ ಮಕ್ಕಳೆದುರು ಬರಿಗೈಯಲ್ಲಿ ಒಂದು ದುಂಡನೆಯ ವೃತ್ತ ಬರೆದು ತೋರಿಸಿದರೆ ಸಾಕು, ವರ್ಷಪೂರ್ತಿ ತರಗತಿ ಅವರ ಮಾತು ಕೇಳುತ್ತದೆ. ಹಾಗಾಗಿ ಅಕ್ಕನ ಮಗ ತನ್ನ ಲ್ಯಾಪ್‌ಟಾಪ್ ನನ್ನ ಮುಂದಿಟ್ಟು, "ಶೇಡರ್‌ನಲ್ಲಿ ಒಂದು ವೃತ್ತ ಬರಿ ಚಿಕ್ಕಮ್ಮ, ಅಲ್ಲಿಂದ ಶುರು ಮಾಡೋಣ" ಅಂದಾಗ, ಭಾಷೆ ಹೊಸದಾದರೂ ಕೆಲಸ ನನ್ನದೇ ಅನ್ನಿಸಿತ್ತು.

ಅವನೂ ಅವನ ಇಬ್ಬರು ಗೆಳೆಯರೂ ಬೆಂಗಳೂರಿನಲ್ಲಿ ಕೂತು ಒಂದು ವಿಡಿಯೊ ಗೇಮ್ ಮಾಡುತ್ತಿದ್ದಾರೆ. ಮಲೆನಾಡಿನ ಒಂದು ಹೊಳೆ, ಒಂದು ದೋಣಿ, ಒಬ್ಬ ಅಂಬಿಗ. ಗೊಡೊ ಎಂಬ ಗೇಮ್ ಎಂಜಿನ್‌ನಲ್ಲಿ ಕಟ್ಟುತ್ತಿದ್ದಾರೆ. ಅರ್ಜೆಂಟೀನಾದ ಇಬ್ಬರು, ಹುವಾನ್ ಲಿನಿಯೆಟ್‌ಸ್ಕಿ ಮತ್ತು ಏರಿಯಲ್ ಮಂಜೂರ್, ತಮ್ಮ ಕೆಲಸಕ್ಕೆಂದು ಮಾಡಿಕೊಂಡಿದ್ದ ಎಂಜಿನ್ ಅದು. 2014ರಲ್ಲಿ ಅದರ ಮೂಲವನ್ನೇ ಎಲ್ಲರಿಗೂ ಬಿಟ್ಟುಕೊಟ್ಟರು. ಹೆಸರು ಬೆಕೆಟ್‌ನ ನಾಟಕದಿಂದ ಬಂದದ್ದು. ಗೇಮ್‌ನ ಉಳಿದ ಕೆಲಸ ಅವರಿಗೆ ಬರುತ್ತದೆ, ಹೊಳೆ ಮಾತ್ರ ಹೊಳೆಯಂತೆ ಕಾಣುತ್ತಿರಲಿಲ್ಲ. "ನೀರು ಹೇಗೆ ಕಾಣತ್ತೆ ಅಂತ ಗೊತ್ತಿರೋರು ಬೇಕು. ಕೋಡ್ ನಾನು ಹೇಳಿಕೊಡ್ತೀನಿ" ಎಂದು ಬೇಸಿಗೆ ರಜೆಯಲ್ಲಿ ಬಂದು ಕೂತ.

ಶೇಡರ್ ಎಂದರೆ ಪರದೆಯ ಮೇಲಿನ ಬಣ್ಣ, ಬೆಳಕು ಲೆಕ್ಕ ಹಾಕುವ ಸಣ್ಣ ಪ್ರೋಗ್ರಾಮು. ಅದರಲ್ಲಿ ನಾನು ಮೊದಲು ಹುಡುಕಿದ್ದು 'ವೃತ್ತ ಬರೆ' ಎಂದು ಹೇಳುವ ಒಂದು ಆಜ್ಞೆಯನ್ನು. ಅದಿರಲಿಲ್ಲ. ಸರಿ, ಕೇಂದ್ರದಿಂದ ಬಲಕ್ಕೆ ಇಷ್ಟು ದೂರ ಹೋಗಿ ಅಲ್ಲೊಂದು ಚುಕ್ಕಿ ಇಡೋಣ, ಸ್ವಲ್ಪ ತಿರುಗಿ ಇನ್ನೊಂದು ಇಡೋಣ ಅಂದುಕೊಂಡೆ. ಅದಕ್ಕೂ ದಾರಿಯಿರಲಿಲ್ಲ. ಎಲ್ಲಿಗೂ ಹೋಗುವ ಹಾಗಿಲ್ಲ, ಎಲ್ಲೂ ಏನನ್ನೂ ಇಡುವ ಹಾಗಿಲ್ಲ. ಅರ್ಧ ದಿನ ಒದ್ದಾಡಿದ್ದನ್ನು ಸುಮ್ಮನೆ ನೋಡಿದ ಹುಡುಗ ಕೊನೆಗೆ ಹೇಳಿದ: "ನೀನು ಬರೆಯೋಳು ಅನ್ನೋದನ್ನ ಬಿಟ್ಟುಬಿಡು. ನೀನು ಪರದೆ ಮೇಲಿನ ಒಂದು ಚುಕ್ಕಿ. ನೀನೆಲ್ಲಿದ್ದೀಯ ಅನ್ನೋದಷ್ಟೇ ನಿನಗೆ ಗೊತ್ತು. ಈಗ ಹೇಳು, ನಿನ್ನ ಬಣ್ಣ ಯಾವುದು?"

ಆ ಪ್ರಶ್ನೆ ನನ್ನೊಳಗೆ ಇಳಿಯಲು ಎರಡು ದಿನ ಬೇಕಾಯಿತು.

ಪರದೆಯ ಎಡ ಅಂಚು 0, ಬಲ ಅಂಚು 1. ಗೊಡೊದಲ್ಲಿ ಮೇಲಂಚು 0, ಕೆಳಗಂಚು 1. ಪ್ರತಿ ಚುಕ್ಕಿಗೂ ಈ ಎರಡು ಸಂಖ್ಯೆ ಕೈಗೆ ಸಿಗುತ್ತವೆ. ಮೊದಲನೆಯದನ್ನೇ ಕೆಂಪು ಅಂತಲೂ ಎರಡನೆಯದನ್ನೇ ಹಸಿರು ಅಂತಲೂ ಬರೆದರೆ ಮೇಲಿನ ಎಡಮೂಲೆ ಕಪ್ಪಾಗಿ, ಬಲಕ್ಕೆ ಹೋದಂತೆ ಕೆಂಪೇರಿ, ಕೆಳಕ್ಕೆ ಇಳಿದಂತೆ ಹಸಿರೇರಿ, ಕೆಳಗಿನ ಬಲಮೂಲೆಯಲ್ಲಿ ಎರಡೂ ಕೂಡಿ ಹಳದಿಯಾಗುತ್ತದೆ. ಶೇಡರ್ ಕಲಿಯಲು ಕೂತ ಬಹುಮಂದಿ ಮೊದಲ ದಿನ ಈ ಹಾಳೆಯನ್ನು ನೋಡಿರುತ್ತಾರೆ. ಚಿತ್ರವೆಂದರೆ ಚಿತ್ರವಲ್ಲ ಅದು. ಪ್ರತಿ ಚುಕ್ಕಿಯೂ ತಾನಿರುವ ಜಾಗವನ್ನೇ ಬಣ್ಣವಾಗಿ ಕೂಗಿ ಹೇಳುತ್ತಿದೆ. ಆಮೇಲೆ ವೃತ್ತ ಬಲು ಸುಲಭ. ಪರದೆಯ ಅಗಲ ಎತ್ತರಗಳ ವ್ಯತ್ಯಾಸವನ್ನು ಸರಿದೂಗಿಸಿಕೊಂಡರೆ ಉಳಿಯುವುದು ಒಂದೇ ಪ್ರಶ್ನೆ: ನಡುಮಧ್ಯದಿಂದ ನಾನೆಷ್ಟು ದೂರ? 0.3ಕ್ಕಿಂತ ಕಡಿಮೆಯಿದ್ದರೆ ಬಿಳಿ, ಹೆಚ್ಚಿದ್ದರೆ ಕಪ್ಪು. ಅಷ್ಟು ಬರೆದು ಉಳಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ವೃತ್ತ ಕೂತಿತ್ತು. ಮೊದಲ ಬಿಂದುವೆಂಬುದಿಲ್ಲ, ಕೊನೆಯ ಬಿಂದುವೆಂಬುದಿಲ್ಲ. ಸುತ್ತು ಬಂದು ಸೇರುವ ಜಾಗದಲ್ಲಿ ನನ್ನ ಸೀಮೆಸುಣ್ಣ ಸದಾ ಬಿಟ್ಟುಹೋಗುವ ಸಣ್ಣ ಗಂಟೂ ಇಲ್ಲ.

ನಮ್ಮ ಭಾಷೆಯಲ್ಲಿ ಚಿತ್ರವನ್ನೂ ಬರೆಯುತ್ತೇವೆ, ಅಕ್ಷರವನ್ನೂ ಬರೆಯುತ್ತೇವೆ. ಎರಡಕ್ಕೂ ಒಂದೇ ಕ್ರಿಯಾಪದ. ಇಷ್ಟು ವರ್ಷ ಆ ಪದವನ್ನು ಬಾಯಲ್ಲಿ ಆಡಿದ್ದೇನೆ, ಅದರ ಎರಡು ಅರ್ಥ ಒಂದೇ ಕೆಲಸದಲ್ಲಿ ಕೂಡಿದ್ದನ್ನು ನೋಡಿದ್ದು ಇದೇ ಮೊದಲು. ಅಕ್ಷರ ಬರೆದೆ, ಚಿತ್ರ ಬಂತು. ಆದರೆ ಯಾರು ಬರೆದದ್ದು?

ಲೆಕ್ಕ ಹಾಕಿ ನೋಡಿದೆ. ಸಾಮಾನ್ಯ ಪರದೆಯ ಅಗಲಕ್ಕೆ 1920 ಚುಕ್ಕಿ, ಎತ್ತರಕ್ಕೆ 1080. ಒಟ್ಟು 20,73,600. ಗೇಮ್ ಓಡುವಾಗ ಸೆಕೆಂಡಿಗೆ 60 ಸಲ ಚಿತ್ರ ಹೊಸದಾಗಬೇಕು. ಅಂದರೆ ನಾನು ಬರೆದ ಆ ನಾಲ್ಕು ಸಾಲಿನ ಪ್ರಶ್ನೆಯನ್ನು ಒಂದು ಸೆಕೆಂಡಿನಲ್ಲಿ 12 ಕೋಟಿಗೂ ಹೆಚ್ಚು ಸಲ ಕೇಳಲಾಗುತ್ತದೆ, ಅಷ್ಟೇ ಸಲ ಉತ್ತರ ಬರುತ್ತದೆ. ಒಂದರ ನಂತರ ಒಂದರಂತೆ ಕೇಳಿದರೆ ಮುಗಿಯುವ ಮಾತಲ್ಲ. ಗ್ರಾಫಿಕ್ಸ್ ಕಾರ್ಡು ಒಟ್ಟೊಟ್ಟಿಗೆ ಸಾವಿರಾರು ಚುಕ್ಕಿಗಳನ್ನು ಕೇಳುತ್ತದೆ, ಮತ್ತು ಹಾಗೆ ಕೇಳುವುದು ಸಾಧ್ಯವಾಗುವುದು ಯಾವ ಚುಕ್ಕಿಯೂ ಇನ್ನೊಂದರ ಉತ್ತರಕ್ಕೆ ಕಾಯಬೇಕಿಲ್ಲದ್ದರಿಂದ. ಪಕ್ಕದ ಚುಕ್ಕಿ ಬಿಳಿಯೋ ಕಪ್ಪೋ ಇದಕ್ಕೆ ತಿಳಿಯದು. ಕ್ಷಣದ ಹಿಂದೆ ತಾನೇ ಯಾವ ಬಣ್ಣದಲ್ಲಿತ್ತು ಎಂಬ ನೆನಪೂ ಇಲ್ಲ. ಹೊತ್ತು ಎಷ್ಟಾಯಿತೆಂದು ಹೊರಗಿನಿಂದ ಯಾರಾದರೂ ಹೇಳಬೇಕು.

ಪೂರ್ತಿ ಒಂಟಿ ಎಂದರೆ ಅದೂ ತಪ್ಪಾದೀತು. ಕಾರ್ಡಿನೊಳಗೆ ಚುಕ್ಕಿಗಳು ಗುಂಪಾಗಿ ನಡೆಯುತ್ತವೆ. ಎನ್ವಿಡಿಯಾದ ಕಾರ್ಡುಗಳಲ್ಲಿ ಒಂದು ಗುಂಪಿಗೆ 32. ಆ ಗುಂಪಿಗೆ ಅವರಿಟ್ಟ ಹೆಸರು ವಾರ್ಪ್. ಮಗ್ಗದ ಪದ ಅದು, ನಾವು ಹಾಸು ಅನ್ನುತ್ತೇವಲ್ಲ, ನೇಯುವ ಮೊದಲು ಉದ್ದಕ್ಕೆ ಬಿಗಿದಿಡುವ ನೂಲು, ಅದೇ. ಮೂವತ್ತೆರಡು ಎಳೆಗಳು ಒಂದೇ ಹೆಜ್ಜೆ ಹಾಕುತ್ತವೆ. ಕೋಡಿನಲ್ಲಿ 'ಹೀಗಿದ್ದರೆ ಈ ದಾರಿ, ಇಲ್ಲದಿದ್ದರೆ ಆ ದಾರಿ' ಎಂದು ಬರೆದು, ಗುಂಪಿನಲ್ಲಿ ಕೆಲವಕ್ಕೆ ಈ ದಾರಿಯೂ ಕೆಲವಕ್ಕೆ ಆ ದಾರಿಯೂ ಬಂದರೆ, ಇವು ನಡೆಯುವಾಗ ಅವು ನಿಂತು ಕಾಯಬೇಕು, ಅವು ನಡೆಯುವಾಗ ಇವು. ಒಬ್ಬರಿಗೊಬ್ಬರು ಏನನ್ನೂ ಹೇಳದೆ, ಆದರೂ ಒಬ್ಬರನ್ನು ಬಿಟ್ಟು ಒಬ್ಬರು ಮುಂದೆ ಹೋಗದೆ. ಇದನ್ನು ತಿಳಿದ ದಿನ ಬಹಳ ಹೊತ್ತು ಅದನ್ನೇ ಯೋಚಿಸುತ್ತಿದ್ದೆ. ಜ್ಞಾನದಲ್ಲಿ ಒಂಟಿಯಾಗಿದ್ದು ನಡಿಗೆಯಲ್ಲಿ ಜೊತೆಯಾಗಿರುವ ಇಂಥದೊಂದು ಬಾಳು ನಮ್ಮ ನಡುವೆಯೂ ಇದೆ. ಒಂದೇ ಸಾಲಿನಲ್ಲಿ ನಾಟಿ ಮಾಡುವ ಹೆಂಗಸರನ್ನು ಗದ್ದೆಯ ಅಂಚಿನಿಂದ ನೋಡಿದ್ದೇನೆ. ಬಗ್ಗಿದವರಿಗೆ ತಮ್ಮ ಕೈಯಳತೆಯ ಕೆಸರಷ್ಟೇ ಕಾಣುತ್ತಿರುತ್ತದೆ. ಸಂಜೆಗೆ ಗದ್ದೆ ಹಸಿರಾಗಿರುತ್ತದೆ.

ವೃತ್ತವನ್ನು ಯಾರು ಬರೆದರು ಎಂಬ ಪ್ರಶ್ನೆಗೆ ಮತ್ತೆ ಬರುತ್ತೇನೆ. ನಾನು ಬರೆದೆ ಎನ್ನಲು ನನ್ನ ಕೈ ಎಲ್ಲೂ ಸುತ್ತು ಬಂದಿಲ್ಲ. ಚುಕ್ಕಿಗಳು ಬರೆದವು ಎನ್ನಲು ಅವಕ್ಕೆ ವೃತ್ತವೆಂದರೇನೆಂದೇ ಗೊತ್ತಿಲ್ಲ. ಒಂದೊಂದು ಚುಕ್ಕಿಯೂ ಹೇಳಿದ್ದು 'ನಾನು ಹತ್ತಿರ' ಅಥವಾ 'ನಾನು ದೂರ' ಎಂಬ ಒಂದೇ ಮಾತು. ಎಂಟನೇ ತರಗತಿಯಲ್ಲಿ ಬಾಯಿಪಾಠ ಮಾಡಿದ್ದೆ: ಒಂದು ಸ್ಥಿರ ಬಿಂದುವಿನಿಂದ ಸಮಾನ ದೂರದಲ್ಲಿರುವ ಬಿಂದುಗಳ ಗಣ. ಆ ವ್ಯಾಖ್ಯೆಯಲ್ಲಿ ಕೈ ಇಲ್ಲ, ಸೀಮೆಸುಣ್ಣ ಇಲ್ಲ, ಸುತ್ತುವುದಂತೂ ಇಲ್ಲವೇ ಇಲ್ಲ ಎಂದು ನನಗೆ ಆಗ ಹೊಳೆದಿರಲಿಲ್ಲ. ಪರೀಕ್ಷೆಯಲ್ಲಿ ವ್ಯಾಖ್ಯೆ ಬರೆದು, ಅದರ ಕೆಳಗೇ ಕೈವಾರ ಹಿಡಿದು ಸುತ್ತಿಸಿ ಅಂಕ ತೆಗೆದುಕೊಂಡಿದ್ದೆವು. ಎರಡೂ ಬೇರೆ ಬೇರೆ ಲೋಕ. ಒಂದರಲ್ಲಿ ಮಾಡುವವನಿದ್ದಾನೆ. ಇನ್ನೊಂದರಲ್ಲಿ ಬರೀ ಸಂಬಂಧವಿದೆ, ಸಂಬಂಧವೇ ಆಕಾರವಾಗಿ ನಿಂತಿದೆ.

ಗೆರೆಯ ವಿಷಯವೂ ಹಾಗೆಯೇ. 0.3ಕ್ಕೆ ಥಟ್ಟನೆ ಕತ್ತರಿಸಿದ ನನ್ನ ವೃತ್ತದ ಅಂಚು ಹತ್ತಿರದಿಂದ ನೋಡಿದರೆ ಗರಗಸದ ಹಲ್ಲಿನಂತಿತ್ತು. ಅದನ್ನು ಮೃದುವಾಗಿಸಲು ಸ್ಮೂತ್‌ಸ್ಟೆಪ್ ಎಂಬ ಒಂದು ಸಣ್ಣ ಸೂತ್ರ ಇದೆ. ಒಂದು ಮೌಲ್ಯದ ವರ್ಗದ ಮೂರರಷ್ಟರಿಂದ ಅದರ ಘನದ ಎರಡರಷ್ಟನ್ನು ಕಳೆಯುವುದು, ಅಷ್ಟೇ. ಕಪ್ಪಿನಿಂದ ನಿಧಾನ ಹೊರಟು, ನಡುವೆ ವೇಗ ಪಡೆದು, ಬಿಳಿಗೆ ಮುಟ್ಟುವಾಗ ಮತ್ತೆ ನಿಧಾನವಾಗುತ್ತದೆ. ದೋಣಿ ದಡ ಬಿಟ್ಟು ದಡ ಸೇರುವಂತೆ. ಸೇಬಿನ ಸುತ್ತ ಗೆರೆ ಇರುವುದಿಲ್ಲ, ಸೇಬು ಮುಗಿದು ಗೋಡೆ ಶುರುವಾಗುತ್ತದೆ ಅಷ್ಟೇ ಎಂದು ಮಕ್ಕಳಿಗೆ ಹೇಳಿ ಹೇಳಿ ದಣಿದವಳು ನಾನು. ಅದನ್ನು ಸಂಖ್ಯೆಯಲ್ಲಿ ಬರೆದು ನೋಡಿದಾಗ ಎದೆ ತುಂಬಿತು.

ಕಲಿಕೆಯ ಮೊದಲ ವಾರಗಳು ಹೀಗೆ ಬೆಳಕಿನದೇ ಆಗಿರಲಿಲ್ಲ. 1 ಎಂದು ಬರೆದರೆ ತಪ್ಪು, 1.0 ಎನ್ನಬೇಕು. ಎಣಿಸುವ ಸಂಖ್ಯೆಯೇ ಬೇರೆ, ಅಳೆಯುವ ಸಂಖ್ಯೆಯೇ ಬೇರೆ. ಸಾಲಿನ ಕೊನೆಯಲ್ಲಿ ಅರ್ಧವಿರಾಮ ಬಿಟ್ಟರೆ ಇಡೀ ಶೇಡರ್ ಮೌನ. ಇವೆಲ್ಲ ಬೇಗ ರೂಢಿಯಾಗುತ್ತವೆ. ನಿಜವಾದ ಕಷ್ಟ ಬೇರೆ. ಬೇರೆ ಬಗೆಯ ಪ್ರೋಗ್ರಾಮಿನಲ್ಲಾದರೆ ಒಳಗೆ ಏನಾಗುತ್ತಿದೆ ಎಂದು ಅಲ್ಲಲ್ಲಿ ಬರೆಸಿ ಓದಬಹುದಂತೆ. ಇಲ್ಲಿ ಇಪ್ಪತ್ತು ಲಕ್ಷ ಚುಕ್ಕಿಗಳು ಏಕಕಾಲದಲ್ಲಿ ಲೆಕ್ಕ ಮಾಡುತ್ತಿರುವಾಗ ಯಾರ ಮಾತು ಓದುವುದು? ಚುಕ್ಕಿಗೆ ಬರುವ ಭಾಷೆ ಬಣ್ಣವೊಂದೇ. ಏನನ್ನು ಕೇಳಬೇಕಿದ್ದರೂ ಬಣ್ಣವಾಗಿ ಕೇಳಬೇಕು. ದೂರ ಸರಿಯಾಗಿದೆಯೇ ಎಂದು ತಿಳಿಯಲು ದೂರವನ್ನೇ ಬೂದುಬಣ್ಣವಾಗಿ ಹಚ್ಚಿ ನೋಡಬೇಕು, ಮೇಲ್ಮೈ ಯಾವ ಕಡೆ ಮುಖ ಮಾಡಿದೆ ಎಂದು ತಿಳಿಯಲು ದಿಕ್ಕನ್ನೇ ಕೆಂಪು, ಹಸಿರು, ನೀಲಿಯಾಗಿ ಹರಡಿ ನೋಡಬೇಕು. ಅದರಲ್ಲೂ ಒಂದು ಮಿತಿಯಿದೆ. ಸೊನ್ನೆಗಿಂತ ಕೆಳಗಿನದೆಲ್ಲ ಪರದೆಯಲ್ಲಿ ಒಂದೇ ಕಪ್ಪು. ಋಣ ಒಂದೂ ಕಪ್ಪು, ಋಣ ನೂರೂ ಕಪ್ಪು. ಕರಿಪರದೆಯ ಮುಂದೆ ಕೂತ ಎಷ್ಟೋ ರಾತ್ರಿ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಮಾತಾಡದೆ ಕೂರುವ ಮಕ್ಕಳ ನೆನಪಾಗುತ್ತಿತ್ತು. ಎಲ್ಲರ ಮೌನವನ್ನೂ ಒಂದೇ ಮೌನವೆಂದು ಓದಿದ್ದೆನಲ್ಲ ಎಂದು ಸಂಕಟವಾಗುತ್ತಿತ್ತು.

ಬಣ್ಣದ ಚಿತ್ರವನ್ನು ಕಪ್ಪುಬಿಳುಪಾಗಿಸುವುದು ನನ್ನ ಎರಡನೇ ಪಾಠ. ಕೆಂಪು, ಹಸಿರು, ನೀಲಿ ಮೂರನ್ನೂ ಕೂಡಿ ಮೂರರಿಂದ ಭಾಗಿಸಿದೆ. ಬಂದದ್ದು ಸರಿ ಕಾಣಲಿಲ್ಲ, ಎಲೆಗಳು ಇರಬೇಕಾದ್ದಕ್ಕಿಂತ ಮಂಕಾಗಿದ್ದವು. ಹುಡುಗ ಮೂರು ಸಂಖ್ಯೆ ಕೊಟ್ಟ: ಕೆಂಪಿಗೆ 0.2126, ಹಸಿರಿಗೆ 0.7152, ನೀಲಿಗೆ 0.0722. ಹಾಕಿದ ಕೂಡಲೇ ಎಲೆ ಎಲೆಯಾಯಿತು. ಈ ಸಂಖ್ಯೆಗಳು ಬೆಳಕಿನ ಗುಣ ಹೇಳುತ್ತಿಲ್ಲ, ನೋಡುವ ಮನುಷ್ಯನ ಕಣ್ಣಿನ ಗುಣ ಹೇಳುತ್ತಿವೆ. ನಮ್ಮ ಕಣ್ಣು ಹಸಿರಿಗೆ ಅಷ್ಟು ತೆರೆದಿದೆ, ನೀಲಿಗೆ ಅಷ್ಟು ಮುಚ್ಚಿದೆ. ಯಂತ್ರ ಕಾಣಿಸುವ ಚಿತ್ರದೊಳಗೂ ನೋಡುವವರ ಕಣ್ಣನ್ನು ಮೊದಲೇ ಬರೆದಿಡಬೇಕಾಗಿದೆ.

ಮೂರನೆಯದು ಬೆಳಕು. ಇಲ್ಲಿ ಸ್ವಲ್ಪ ನಿಲ್ಲಬೇಕು.

ನಮ್ಮ ಮನೆಯಲ್ಲಿ ಏಪ್ರಿಲ್ ಬಂತೆಂದರೆ ಹಲಸಿನ ಹಪ್ಪಳ. ಬೆಳಿಗ್ಗೆ ಅಂಗಳದಲ್ಲಿ ಚಾಪೆ ಹಾಸಿ ಹಪ್ಪಳ ಹರಡುತ್ತಿದ್ದ ಅಮ್ಮ, ಮೂರು ಗಂಟೆ ಕಳೆಯುತ್ತಿದ್ದಂತೆ ಚಾಪೆಯನ್ನು ಕೊಟ್ಟಿಗೆಯ ಪಡುವಣ ಮಾಡಿನ ಮೇಲಕ್ಕೆ ಹೊತ್ತೊಯ್ಯುತ್ತಿದ್ದಳು. ಅಂಗಳದಲ್ಲೂ ಬಿಸಿಲಿದೆಯಲ್ಲ ಅಂದರೆ, "ಅದು ಮೇಲಿಂದ ಜಾರಿಹೋಗೋ ಬಿಸಿಲು, ಕೂರೋದಿಲ್ಲ" ಅನ್ನುತ್ತಿದ್ದಳು. ಶೇಡರ್‌ನಲ್ಲಿ ಬೆಳಕು ಬರೆಯುವ ಮೊದಲ ಸೂತ್ರ ಇದೇ. ಮೇಲ್ಮೈ ಯಾವ ಕಡೆ ನೋಡುತ್ತಿದೆ ಎಂಬುದೊಂದು ಬಾಣ, ದೀಪ ಯಾವ ಕಡೆ ಇದೆ ಎಂಬುದಿನ್ನೊಂದು ಬಾಣ. ಎರಡೂ ಒಂದೇ ದಿಕ್ಕಿಗಿದ್ದರೆ ಪೂರ್ತಿ ಬೆಳಕು, ಓರೆಯಾದಂತೆ ಕಡಿಮೆ. ಆ ಓರೆಯ ಕೊಸೈನ್ ಎಷ್ಟೋ ಬೆಳಕೂ ಅಷ್ಟೇ. ಯೊಹಾನ್ ಹೈನ್ರಿಕ್ ಲ್ಯಾಂಬರ್ಟ್ 1760ರಲ್ಲಿ ತನ್ನ ಫೋಟೊಮೆಟ್ರಿಯಾ ಎಂಬ ಪುಸ್ತಕದಲ್ಲಿ ಇದನ್ನು ಬರೆದಿಟ್ಟ. ಸೂರ್ಯ ದಿಗಂತದಿಂದ 30 ಡಿಗ್ರಿ ಮೇಲಿದ್ದಾಗ ಸಮತಟ್ಟಾದ ಅಂಗಳಕ್ಕೆ ಸಿಗುವುದು ನೇರ ಎದುರಿಗೆ ಸಿಗುವುದರ ಅರ್ಧ. ಪಶ್ಚಿಮಕ್ಕೆ 30 ಡಿಗ್ರಿ ಇಳಿದ ಮಾಡಿಗೆ ಸುಮಾರು ಶೇ. 87. ಅಮ್ಮನಿಗೆ ಕೊಸೈನ್ ತಿಳಿದಿರಲಿಲ್ಲ, ಕೊಸೈನ್ ಮಾಡುವ ಕೆಲಸವೆಲ್ಲ ತಿಳಿದಿತ್ತು.

ಈ ಲೆಕ್ಕವನ್ನು ಡಾಟ್ ಗುಣಲಬ್ಧ ಅನ್ನುತ್ತಾರೆ. ಎರಡು ಬಾಣಗಳು ಒಂದಕ್ಕೊಂದು ಎಷ್ಟು ಒಲಿದಿವೆ ಎಂದು ಹೇಳುವ ಒಂದೇ ಸಂಖ್ಯೆ. ಒಂದೇ ದಿಕ್ಕಿಗಿದ್ದರೆ 1, ಅಡ್ಡಲಾದರೆ 0, ಬೆನ್ನು ತಿರುಗಿಸಿದರೆ ಋಣ. ಬೆನ್ನು ತಿರುಗಿಸಿದ ಮೇಲ್ಮೈಯ ಋಣವನ್ನು ಹಾಗೇ ಬಿಟ್ಟರೆ ಇನ್ನೊಂದು ದೀಪದಿಂದ ಬಂದ ಬೆಳಕನ್ನೂ ಅದು ತಿಂದುಹಾಕುತ್ತದೆ. ಆದ್ದರಿಂದ ಸೊನ್ನೆಗಿಂತ ಕೆಳಗೆ ಇಳಿಯಬಾರದೆಂದು ಒಂದು ಸಾಲು ಬರೆಯಲೇಬೇಕು. ಕತ್ತಲಿಗಿಂತ ಹೆಚ್ಚಿನ ಕತ್ತಲಿಲ್ಲ ಎಂದು ನಾವೇ ಹೇಳಿಕೊಡಬೇಕು ಯಂತ್ರಕ್ಕೆ.

ಲ್ಯಾಂಬರ್ಟ್‌ನ ಬೆಳಕಿನಲ್ಲಿ ಎಲ್ಲವೂ ಸುಣ್ಣದ ಗೋಡೆ, ಮಣ್ಣಿನ ಮಡಕೆ. ಸ್ಟೀಲ್ ಲೋಟದ ಮೇಲಿನ ಮಿಂಚು ಬರುವುದಿಲ್ಲ. ಅದನ್ನು ತಂದವರು ಬುಯಿ ತುವಾಂಗ್ ಫಾಂಗ್. ವಿಯೆಟ್ನಾಮಿನವರು, ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ 1973ರಲ್ಲಿ ಪಿಎಚ್.ಡಿ. ಮುಗಿಸಿದರು. ಅದೇ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಮೊದಲು ಆನ್ರಿ ಗುರೋ ತನ್ನ ಹೆಂಡತಿಯ ಮುಖದ ಮೇಲೆ ಗೆರೆ ಎಳೆದು, ಅಳೆದು, ಆ ಮುಖವನ್ನು ಕಂಪ್ಯೂಟರಿನಲ್ಲಿ ನುಣುಪಾಗಿ ಮೂಡಿಸಿದ್ದ. ಗುರೋ ಮೂಲೆಗಳಲ್ಲಿ ಬಣ್ಣ ಲೆಕ್ಕ ಹಾಕಿ ನಡುವೆ ಆ ಬಣ್ಣವನ್ನು ಹರಡಿದ. ಫಾಂಗ್ ಬಣ್ಣ ಹರಡುವ ಬದಲು ದಿಕ್ಕನ್ನು ಹರಡಿದರು. ಪ್ರತಿ ಚುಕ್ಕಿಗೂ ತಾನು ಯಾವ ಕಡೆ ನೋಡುತ್ತಿದ್ದೇನೆಂಬುದನ್ನು ಕೊಟ್ಟು, ಬೆಳಕಿನ ಲೆಕ್ಕವನ್ನು ಅದಕ್ಕೇ ಬಿಟ್ಟರು. ಮಿಂಚಿಗೆ ಅವರು ಕೊಟ್ಟ ಸೂತ್ರ ಭೌತಶಾಸ್ತ್ರದಿಂದ ಇಳಿದುಬಂದದ್ದಲ್ಲ, ಕಣ್ಣಿಗೆ ಒಪ್ಪುವಂತೆ ಕಟ್ಟಿದ್ದು. ಪ್ರತಿಫಲಿಸಿದ ಬೆಳಕು ನೋಡುವವರ ಕಡೆಗೆ ಎಷ್ಟು ತಿರುಗಿದೆ ಎಂಬ ಸಂಖ್ಯೆಯನ್ನು ಅದರಿಂದಲೇ ಹಲವು ಸಲ ಗುಣಿಸುವುದು. ಹತ್ತು ಸಲವಾದರೆ ಎಣ್ಣೆ ಹಚ್ಚಿದ ಮರದಂತೆ ಅಗಲವಾದ ಮಂದ ಹೊಳಪು, ಇನ್ನೂರಾದರೆ ಉಜ್ಜಿದ ಲೋಟದ ಸೂಜಿಮೊನೆ ಮಿಂಚು. ಆ ಪ್ರಬಂಧ 1975ರಲ್ಲಿ ಅಚ್ಚಾಯಿತು. ಅದೇ ವರ್ಷ ಕ್ಯಾನ್ಸರಿನಿಂದ ಫಾಂಗ್ ತೀರಿಕೊಂಡರು. ವಯಸ್ಸು 32. ಬುಯಿ ಎಂಬುದು ಅವರ ಮನೆತನದ ಹೆಸರು. ಲೋಕ ಇವತ್ತು ಆ ಮಿಂಚನ್ನು ಕರೆಯುವುದು ಅವರ ಸ್ವಂತ ಹೆಸರಿನಿಂದ, ತಾಯಿ ಮನೆಯೊಳಗಿಂದ ಕೂಗಿ ಕರೆದಿರಬಹುದಾದ ಹೆಸರಿನಿಂದ. ನನ್ನ ಪರದೆಯ ಗೋಲದ ಮೇಲೆ ಮೊದಲ ಸಲ ಆ ಬಿಳಿಮಿಂಚು ಬಂದಾಗ ಕೈ ತನ್ನಿಂದ ತಾನೇ ಜೋಡಿಸಿಕೊಂಡಿತು.

ಇಷ್ಟಾದ ಮೇಲೆ ಹೊಳೆ. ರಜೆ ಮುಗಿಯುವ ಮೊದಲು ಇಬ್ಬರೂ ಶೃಂಗೇರಿಗೆ ಹೋದೆವು, ದೇವರ ದರ್ಶನಕ್ಕೂ ನೀರಿನ ದರ್ಶನಕ್ಕೂ. ಅಲ್ಲಿ ತುಂಗೆಯ ಮೆಟ್ಟಿಲ ಬಳಿ ಮೀನುಗಳಿರುತ್ತವೆ, ಹೋದವರೆಲ್ಲ ಮಂಡಕ್ಕಿ ಎರಚಿ ನೋಡುವಂಥ ದೊಡ್ಡ ಮೀನುಗಳು. ಕೊನೆಯ ಮೆಟ್ಟಿಲಲ್ಲಿ ನಿಂತು ಕಾಲ ಬುಡ ನೋಡಿದರೆ ಮೀನಿನ ಬೆನ್ನ ಮೇಲಿನ ಹುರುಪೆ ಕೂಡ ಎಣಿಸಬಹುದು. ತಲೆಯೆತ್ತಿ ಆಚೆ ದಡದ ಕಡೆ ನೋಡಿದರೆ ಮೀನಿಲ್ಲ, ನೀರೂ ಇಲ್ಲ, ಆಕಾಶ ಮಲಗಿದೆ. ಚಿಕ್ಕಂದಿನಿಂದ ಎಷ್ಟು ಸಲ ಅಲ್ಲಿ ನಿಂತಿಲ್ಲ! ಮೀನು ಹತ್ತಿರ ಬಂದಿವೆ, ಅದಕ್ಕೇ ಕಾಣುತ್ತವೆ ಅಂದುಕೊಂಡಿದ್ದೆ. ಆಚೆಗೂ ಅಷ್ಟೇ ಮೀನಿದ್ದಾವು. ಅಲ್ಲಿಂದ ಬರಬೇಕಾದ ನೋಟದ ಮೇಲೆ ಆಕಾಶ ಬಂದು ಕೂತಿರುತ್ತದೆ.

ಫ್ರೆನೆಲ್ ಎಂಬ ಫ್ರೆಂಚ್ ವಿಜ್ಞಾನಿ ಹತ್ತೊಂಬತ್ತನೇ ಶತಮಾನದಲ್ಲಿ ಲೆಕ್ಕ ಕಟ್ಟಿದ ವಿದ್ಯಮಾನ ಇದು. ಶೇಡರ್ ಬರೆಯುವವರು ಬಳಸುವುದು 1994ರಲ್ಲಿ ಕ್ರಿಸ್ಟೋಫ್ ಶ್ಲಿಕ್ ಅದನ್ನು ಸುಲಭಗೊಳಿಸಿದ ಒಂದು ಸಾಲಿನ ಸೂತ್ರವನ್ನು. ನೀರನ್ನು ನೇರ ಮೇಲಿಂದ ನೋಡಿದರೆ ಅದು ಹಿಂತಿರುಗಿಸುವುದು ಶೇ. 2ರಷ್ಟು ಬೆಳಕನ್ನು ಮಾತ್ರ, ಉಳಿದದ್ದನ್ನು ಒಳಗೆ ಬಿಡುತ್ತದೆ. ನೋಟ ಓರೆಯಾದಂತೆ ಈ ಪಾಲು ಮೊದಲು ಬಹಳ ನಿಧಾನ ಏರಿ, ಕೊನೆಗೆ ಒಮ್ಮೆಲೇ ಜಿಗಿಯುತ್ತದೆ. ಮೆಟ್ಟಿಲ ಮೇಲೆ ಕೂತು ಕಾಗದದಲ್ಲಿ ಲೆಕ್ಕ ಹಾಕಿದೆವು. ನೀರಿನಿಂದ ಐದಡಿ ಎತ್ತರದಲ್ಲಿರುವ ನನ್ನ ಕಣ್ಣಿಗೆ ಎಂಟೂಮುಕ್ಕಾಲು ಅಡಿ ದೂರದ ನೀರು ಹಿಂತಿರುಗಿಸುವುದು ಬರೀ ಶೇ. 5. ಇಪ್ಪತ್ತೆಂಟು ಅಡಿ ದೂರದಲ್ಲಿ ಹೆಚ್ಚುಕಡಿಮೆ ಶೇ. 40. ನಮ್ಮ ಪಕ್ಕದಲ್ಲಿ ಮಂಡಕ್ಕಿ ಹಿಡಿದು ನಿಂತಿದ್ದ ಪುಟ್ಟ ಹುಡುಗಿಯ ಕಣ್ಣು ಮೂರಡಿ ಎತ್ತರದಲ್ಲಿತ್ತು. ಅವಳಿಗೆ ಅದೇ ಶೇ. 40ರ ಆಕಾಶ ಹದಿನೇಳು ಅಡಿಗೇ ಸಿಕ್ಕಿಬಿಡುತ್ತದೆ. ಒಂದೇ ಮೆಟ್ಟಿಲು, ಒಂದೇ ಹೊಳೆ. ಅವಳ ಹೊಳೆಯಲ್ಲಿ ಆಕಾಶ ಹೆಚ್ಚು, ನನ್ನ ಹೊಳೆಯಲ್ಲಿ ಮೀನು ಹೆಚ್ಚು.

"ಹಾಗಾದ್ರೆ ಹೊಳೆ ನಿಜವಾಗಿ ಹೇಗಿದೆ?" ಅಂದೆ.

"ಎಲ್ಲಿಂದ?" ಅಂದ ಅವನು. ಶೇಡರ್ ಬರೆಯುವವನ ಸಹಜ ಮರುಪ್ರಶ್ನೆ ಅದು. ಕ್ಯಾಮೆರಾ ಎಲ್ಲಿದೆ ಎಂದು ಹೇಳದೆ ನೀರಿನ ಬಣ್ಣ ಕೇಳಿದರೆ ಸೂತ್ರ ಮುಂದೆ ಹೋಗುವುದಿಲ್ಲ. ನಾನು ಅದನ್ನೇ ಹಿಡಿದುಕೊಂಡು ಬಸ್ಸಿನುದ್ದಕ್ಕೂ ಕೂತಿದ್ದೆ. ವಸ್ತುವಿಗೊಂದು ಬಣ್ಣವಿದೆ, ನಾವು ಹೋಗಿ ನೋಡುತ್ತೇವೆ ಎಂದು ಮಕ್ಕಳಿಗೆ ಕಲಿಸಿದ್ದೇನೆ. ವಸ್ತುಚಿತ್ರ ಬರೆಸುವಾಗ ಹೂಜಿ ಸುತ್ತ ಕೂರಿಸಿದ ಮೂವತ್ತು ಮಕ್ಕಳ ಮೂವತ್ತು ಹಾಳೆಗಳಲ್ಲಿ ಹೊಳಪು ಮೂವತ್ತು ಕಡೆ ಬಿದ್ದಿರುತ್ತದೆ. ಅಂಕ ಕೊಡುವಾಗ ನಾನು ನಿಂತ ಜಾಗದ ಹೊಳಪನ್ನೇ ಸರಿಯೆಂದು ಹಿಡಿದು ಎಷ್ಟು ಹಾಳೆಗಳಲ್ಲಿ ತಿದ್ದಿದ್ದೇನೋ. ಆ ಮಕ್ಕಳೆಲ್ಲ ಈಗ ದೊಡ್ಡವರಾಗಿದ್ದಾರೆ.

ಕೊನೆಯದಾಗಿ ನೆರಳು. ಶೇಡರ್ ಎಂಬ ಪದಕ್ಕೆ ಕನ್ನಡದಲ್ಲಿ ಏನನ್ನಬಹುದೆಂದು ಹುಡುಕುತ್ತಿದ್ದೆ. 1988ರಲ್ಲಿ ಪಿಕ್ಸಾರ್ ಸಂಸ್ಥೆ ತನ್ನ ರೆಂಡರ್‌ಮ್ಯಾನ್ ಜೊತೆ ಬಳಕೆಗೆ ತಂದ ಹೆಸರು ಅದು. ನಮ್ಮ 'ನೆರಳು' ವಿಶಾಲವಾದ ಪದ. ಮರದ ಕೆಳಗಿನ ತಂಪೂ ನೆರಳು, ನನ್ನ ಹಿಂದೆ ಬರುವ ಆಕಾರವೂ ನೆರಳು. ತರಗತಿಯಲ್ಲಿ ನಾನು ಅದನ್ನು ಎರಡಾಗಿ ಒಡೆದು ಹೇಳುತ್ತೇನೆ. ಚೆಂಡಿನ ದೀಪಕ್ಕೆ ಬೆನ್ನಾದ ಭಾಗದ ಕಪ್ಪು ಮೈನೆರಳು. ಚೆಂಡು ಮೇಜಿನ ಮೇಲೆ ಚೆಲ್ಲುವ ಕಪ್ಪು ಬಿದ್ದ ನೆರಳು. ಪೆನ್ಸಿಲಿಗೆ ಎರಡೂ ಒಂದೇ ಕೆಲಸ. ಶೇಡರ್‌ನಲ್ಲಿ ಇವೆರಡರ ನಡುವೆ ಕಂದರವಿದೆ. ಮೈನೆರಳು ಚುಕ್ಕಿಗೆ ತಾನಾಗಿ ತಿಳಿಯುತ್ತದೆ, ನಾನು ದೀಪದ ಕಡೆ ಮುಖ ಮಾಡಿದ್ದೇನೋ ಇಲ್ಲವೋ ನೋಡಿಕೊಂಡರಾಯಿತು. ಬಿದ್ದ ನೆರಳು ಅದಕ್ಕೆ ಎಷ್ಟು ಯೋಚಿಸಿದರೂ ತಿಳಿಯದು. ಮೇಜಿನ ಮೇಲಿನ ಚುಕ್ಕಿ ದೀಪಕ್ಕೆ ಪೂರ್ತಿ ಮುಖ ಮಾಡಿ ಕೂತಿದೆ, ತನ್ನ ಲೆಕ್ಕದಲ್ಲಿ ತಾನು ಬೆಳಗುತ್ತಿದೆ. ನಡುವೆ ಚೆಂಡೊಂದು ಅಡ್ಡ ಬಂದಿದೆ ಎಂಬ ಸುದ್ದಿ ಅದಕ್ಕೆ ಯಾರು ಹೇಳಬೇಕು?

1978ರಲ್ಲಿ ಲ್ಯಾನ್ಸ್ ವಿಲಿಯಮ್ಸ್ ಕೊಟ್ಟ ಉತ್ತರ ಇವತ್ತಿಗೂ ನಡೆದುಬಂದಿದೆ. ಗೊಡೊದಲ್ಲಿ ಅದನ್ನು ಎಂಜಿನ್ನೇ ಮಾಡಿಕೊಳ್ಳುತ್ತದೆ, ನನ್ನಂಥ ಹೊಸಬರು ಬರೆಯಬೇಕಿಲ್ಲ. ಆದರೂ ಕೇಳಿ ತಿಳಿದುಕೊಂಡೆ. ಮೊದಲು ದೀಪ ಇರುವ ಜಾಗಕ್ಕೆ ಹೋಗಿ, ಅಲ್ಲಿಂದ ಇಡೀ ದೃಶ್ಯವನ್ನು ಒಮ್ಮೆ ನೋಡಬೇಕು. ಬಣ್ಣ ಬೇಡ. ಪ್ರತಿ ದಿಕ್ಕಿನಲ್ಲಿ ಮೊದಲು ಎದುರಾಗುವುದು ಎಷ್ಟು ದೂರದಲ್ಲಿದೆ ಎಂಬುದನ್ನಷ್ಟೇ ಗುರುತು ಹಾಕಿಕೊಳ್ಳಬೇಕು. ಆಮೇಲೆ ಮೇಜಿನ ಚುಕ್ಕಿ ಆ ಪಟ್ಟಿಯನ್ನು ತೆಗೆದು ನೋಡುತ್ತದೆ: ನನ್ನ ದಿಕ್ಕಿನಲ್ಲಿ ದೀಪಕ್ಕೆ ಮೊದಲು ಕಂಡದ್ದು ನಾನೋ, ನನಗಿಂತ ಹತ್ತಿರದ ಇನ್ನಾರೋ? ಇನ್ನಾರೋ ಆದರೆ ನಾನು ನೆರಳಿನಲ್ಲಿದ್ದೇನೆ. ಈ ಉಪಾಯದಲ್ಲಿ, ನೆರಳಿನಲ್ಲಿದ್ದೇನೆಂದು ತಿಳಿಯಲು ದೀಪದ ಜಾಗದಿಂದ ನೋಡಿಬರಬೇಕು.

ಇದರಲ್ಲೊಂದು ಊನವೂ ಇದೆ, ನನಗೆ ಬಹಳ ಹಿಡಿಸಿದ ಊನ. ದೀಪದ ಪಟ್ಟಿಯ ಅಳತೆ ಅಷ್ಟು ಸೂಕ್ಷ್ಮವಲ್ಲ. ಹಾಗಾಗಿ ಬಯಲಲ್ಲಿ ಬೆಳಗುತ್ತಿರುವ ಚುಕ್ಕಿಯೂ ಕೆಲವೊಮ್ಮೆ ತನಗಿಂತ ಕೂದಲೆಳೆಯಷ್ಟು ಹತ್ತಿರ ಯಾರೋ ಇದ್ದಾರೆಂದು ಭ್ರಮಿಸುತ್ತದೆ. ಅಲ್ಲಿರುವುದು ಅದೇ. ತನ್ನ ನೆರಳು ತನ್ನ ಮೇಲೇ ಬಿದ್ದಿದೆಯೆಂದು ನಂಬಿ ಕಪ್ಪಾಗುತ್ತದೆ. ಅಂಬಿಗನ ಬೆನ್ನ ಮೇಲೆಲ್ಲ ಮೊಡವೆಯಂತೆ ಕರಿಪಟ್ಟೆ ಎದ್ದಿದ್ದವು. ದೀಪಕ್ಕೆ ಬಯಾಸ್ ಎಂಬ ಸಣ್ಣ ಸಂಖ್ಯೆಯೊಂದನ್ನು ಕೊಟ್ಟು ಚೂರು ಉದಾರವಾಗಿ ಅಳೆ ಎನ್ನಬೇಕು. ಉದಾರತೆ ಹೆಚ್ಚಾದರೆ ನೆರಳು ಕಾಲಿನಿಂದ ಕಳಚಿಕೊಂಡು, ಅಂಬಿಗ ನೆಲದಿಂದ ಒಂದಿಂಚು ಮೇಲೆ ತೇಲುತ್ತಾನೆ. ನಡುವಿನ ಹದ ಹುಡುಕುತ್ತಾ ಹುಡುಗನೂ ನಾನೂ ಒಂದು ಇಡೀ ಸಂಜೆ ಕಳೆದೆವು.

ಜೂನಿನಲ್ಲಿ ಶಾಲೆ ಶುರುವಾಯಿತು. ಎಂಟನೇ ತರಗತಿಗೆ ಛಾಯೆ, ಬೆಳಕಿನ ಪಾಠ. ಕಿಟಕಿ ಮುಚ್ಚಿಸಿ, ಮೇಜಿನ ಮೇಲೆ ಒಂದು ರಬ್ಬರ್ ಚೆಂಡಿಟ್ಟು, ಟಾರ್ಚನ್ನು ಹೊತ್ತಿಸದೆ ಸ್ಟೂಲಿನ ಮೇಲೆ ಇಟ್ಟೆ. ಒಬ್ಬ ಹುಡುಗಿಯನ್ನು ಕರೆದು ಟಾರ್ಚ್ ಇರುವ ಜಾಗಕ್ಕೆ ಕಣ್ಣಿಟ್ಟು, ಒಂದು ಕಣ್ಣು ಮುಚ್ಚಿ, ಮೇಜಿನ ಎಷ್ಟು ಭಾಗವನ್ನು ಚೆಂಡು ಮರೆ ಮಾಡಿದೆ ಹೇಳು ಅಂದೆ. ಅವಳು ಹೇಳುತ್ತಾ ಹೋದಳು, ಇಬ್ಬರು ಹುಡುಗರು ಸೀಮೆಸುಣ್ಣದಲ್ಲಿ ಚುಕ್ಕಿ ಇಡುತ್ತಾ ಹೋದರು. ಇನ್ನೂ ಈಚೆಗೆ, ಇನ್ನೂ ಚೂರು, ಹಾಂ ಅಲ್ಲೇ. ಚುಕ್ಕಿಗಳು ಸುತ್ತು ಬಂದು ಉದ್ದನೆಯ ಮೊಟ್ಟೆಯಂಥ ಆಕಾರವಾಯಿತು. ಆಮೇಲೆ ಟಾರ್ಚ್ ಹೊತ್ತಿಸಿದೆ. ನೆರಳು ಹೋಗಿ ಆ ಚುಕ್ಕಿಗಳೊಳಗೆ ತುಂಬಿಕೊಂಡಿತು. ಮಕ್ಕಳೆಲ್ಲ ಮೇಜಿನ ಸುತ್ತ ಮುಗಿಬಿದ್ದರು.

ಟಾರ್ಚಿನ ಹಿಂದಿದ್ದ ಹುಡುಗಿ ಮಾತ್ರ ಅಲ್ಲಿಂದ ಏಳಲಿಲ್ಲ. ಕೆನ್ನೆಯನ್ನು ಟಾರ್ಚಿಗೆ ಒತ್ತಿ ನೋಡುತ್ತಲೇ ಇದ್ದಳು.

"ಮೇಡಂ," ಅಂದಳು, "ಇಲ್ಲಿಂದ ನೋಡಿದ್ರೆ ನೆರಳೇ ಇಲ್ಲ."

ನಾನು ಹೋಗಿ ಅವಳ ಪಕ್ಕ ಮಂಡಿಯೂರಿ ಕೂತೆ. ಅವಳು ತಲೆ ಸರಿಸಿ ಜಾಗ ಬಿಟ್ಟಳು.